ಗದ್ದೆಯ ಏಡಿ, ಅಳಿವೆಯ ಸೀಗಡಿ

ವಿರಾಜಪೇಟೆಯಿಂದ ಮಾಕುಟ್ಟದ ದಾರಿ ಹಿಡಿದರೆ ಘಟ್ಟ ಇಳಿದು, ಇರಿಟ್ಟಿ ದಾಟಿ ಕಣ್ಣೂರಿನ ಕಡಲಿಗೆ ಹೋಗಬಹುದು. ಬ್ರಹ್ಮಗಿರಿಯ ಬರಪೊಳೆಯೂ ಅದೇ ದಿಕ್ಕಿಗೆ ಹರಿದು, ವಳಪಟ್ಟಣಂ ಹೊಳೆಯನ್ನು ಕೂಡಿ ಅರಬ್ಬಿ ಸಮುದ್ರ ಸೇರುತ್ತದೆ. ಅದೇ ಬೆಟ್ಟಸಾಲಿನಿಂದ ಇರ್ಪುವಿನಲ್ಲಿ ಧುಮುಕುವ ಲಕ್ಷ್ಮಣತೀರ್ಥ ಮಾತ್ರ ಪೂರ್ವಕ್ಕೆ ಹೊರಳಿ ಕಾವೇರಿಯ ಪಾಲಾಗುತ್ತದೆ. ಕಡಲಿನ ನಂಟು ಹೀಗಿದ್ದರೂ, ಕಡಲ ಜೀವಶಾಸ್ತ್ರ ಕರಾವಳಿಯವರ ವಿದ್ಯೆ ಎಂದು ಕೊಡಗಿನ ನಾವು ಸುಮ್ಮನಿದ್ದೇವೆ. ಅದರ ಮೊದಲ ಪಾಠ ನಮ್ಮ ಗದ್ದೆಯ ಬದುವಿನಲ್ಲೇ ಇದೆ.

ಮುಂಗಾರು ಹಿಡಿದ ಕೂಡಲೇ ಬಿಲದಿಂದ ಹೊರಬರುವ ಏಡಿ, ಕೊಡವರ ಞಂಡ್, ರೈತನಿಗೆ ಅಷ್ಟೇನೂ ಇಷ್ಟದ ಪ್ರಾಣಿಯಲ್ಲ. ಅದು ತೋಡಿದ ಬಿಲದಲ್ಲಿ ಕಟ್ಟಿದ ನೀರು ಸೋರಿಹೋಗುತ್ತದೆ. ಸಾರಿಗೆ ಬಂದಾಗ ಮಾತ್ರ ಅದಕ್ಕೆ ಮರ್ಯಾದೆ. ಆದರೆ ಇದರ ಸಂಸಾರವನ್ನು ಅಳಿವೆಯ ನೆಂಟನದರ ಜೊತೆ ಹೋಲಿಸಿ ನೋಡಿ. ಅಳಿವೆಯ ಕೆಸರಿನಲ್ಲಿ ಬೆಳೆಯುವ ದೊಡ್ಡ ಏಡಿ ಮೊಟ್ಟೆಯಿಡಲು ಕಡಲಿಗೇ ಹೋಗಬೇಕು. ಒಂದು ಸಲಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಮೊಟ್ಟೆ ಹೊರುತ್ತದೆ. ಒಡೆದು ಬರುವ ಮರಿಗೆ ಏಡಿಯ ರೂಪವೇ ಇರುವುದಿಲ್ಲ. ಬೆನ್ನ ಮೇಲೊಂದು ಮುಳ್ಳು ಹೊತ್ತು ನೀರಿನಲ್ಲಿ ತೇಲುವ ಆ ಡಿಂಭವನ್ನು 'ಜೋಯಿಯಾ' ಎಂಬ ಬೇರೆಯೇ ಪ್ರಾಣಿಯೆಂದು ಹಿಂದಿನ ವಿಜ್ಞಾನಿಗಳು ಪಟ್ಟಿಮಾಡಿದ್ದರು. ಅದು ಏಡಿಯದೇ ಮಗು ಎಂದು 1820ರ ದಶಕದಲ್ಲಿ ತೋರಿಸಿದವರು ಐರ್ಲೆಂಡಿನ ಕಾರ್ಕ್‌ನಲ್ಲಿದ್ದ ಸೇನಾ ವೈದ್ಯ ಜಾನ್ ವಾನ್ ಥಾಂಪ್ಸನ್.

ನಮ್ಮ ಗದ್ದೆಯ ಏಡಿ ಈ ಪಾಡನ್ನೆಲ್ಲ ಬಿಟ್ಟುಕೊಟ್ಟಿದೆ. ಕೆಲವೇ ದಪ್ಪ ಮೊಟ್ಟೆಗಳನ್ನು ಹೊಟ್ಟೆಯ ಮಡಿಕೆಯಡಿ ಕಾಯುತ್ತದೆ. ಹೊರಬರುವಾಗಲೇ ಅವು ಪೂರ್ಣರೂಪದ ಪುಟಾಣಿ ಏಡಿಗಳು, ಉಪ್ಪುನೀರಿನ ಹಂಗಿಲ್ಲ. ಕಡಲಿಗಿಳಿದು ದೂರ ಚದುರುವ ಅವಕಾಶವೂ ಇಲ್ಲದ್ದರಿಂದ ಒಂದೊಂದು ಬೆಟ್ಟದ ಏಡಿ ಒಂದೊಂದು ಬಗೆಯಾಗುತ್ತದೆ. ಜಗತ್ತಿನಲ್ಲಿ 1,300ಕ್ಕೂ ಹೆಚ್ಚು ಸಿಹಿನೀರಿನ ಏಡಿ ಪ್ರಭೇದಗಳಿರುವುದಕ್ಕೆ ಇದೂ ಒಂದು ಕಾರಣ.

ದೊಡ್ಡ ಹೊಳೆ ಸೀಗಡಿಯ ದಾರಿ ಬೇರೆ. ಬದುಕು ಸಿಹಿನೀರಿನಲ್ಲಿ, ಬಾಲ್ಯ ಮಾತ್ರ ಅಳಿವೆಯ ಸವುಳು ನೀರಿನಲ್ಲಿ. ಅಲ್ಲಿ ಹನ್ನೊಂದು ಹಂತ ದಾಟಿದ ಮರಿಗಳು ಹೊಳೆ ಹತ್ತಿ ಬರಬೇಕು. ನಡುವೆ ಅಣೆಕಟ್ಟು ಬಂದರೆ ಆ ದಾರಿ ಅಲ್ಲಿಗೇ ಮುಗಿಯಿತು. ಉತ್ತರ ಕನ್ನಡದ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳಲ್ಲಿ ಮಳೆಗಾಲಕ್ಕೆ ಉಪ್ಪು ತಡೆಯುವ ಕಗ್ಗ ಭತ್ತ, ಕೊಯ್ಲಿನ ನಂತರ ಸೀಗಡಿ ಎಂಬ ಪದ್ಧತಿ ನಿಂತಿರುವುದೂ ಉಪ್ಪು ಮತ್ತು ಸಿಹಿನೀರಿನ ಈ ಕೊಡುಕೊಳ್ಳುವಿಕೆಯ ಮೇಲೆ.

ಇದನ್ನೆಲ್ಲ ಕಲಿಸುವ ಸಂಸ್ಥೆಗಳು ನಮ್ಮ ರಾಜ್ಯದಲ್ಲೇ ಇವೆ. ಮಂಗಳೂರಿನ ಮೀನುಗಾರಿಕಾ ಕಾಲೇಜು 1969ರಲ್ಲಿ ಆರಂಭವಾದಾಗ ಅದು ದೇಶದಲ್ಲೇ ಮೊದಲನೆಯದು. ಸಿಇಟಿ ಮೂಲಕ ಬಿ.ಎಫ್.ಎಸ್ಸಿ. ಪದವಿಗೆ ಸೇರಬಹುದು, ಕೃಷಿಕರ ಮಕ್ಕಳಿಗೆ ಮೀಸಲು ಸೀಟುಗಳೂ ಇವೆ. ಕಾಫಿ ತೋಟದ ಮನೆಗಳ ಮಕ್ಕಳಿಗೆ ಇದನ್ನು ಒತ್ತಿ ಹೇಳಬೇಕೆನಿಸುತ್ತದೆ. ಕಾರವಾರದ ಕೋಡಿಬಾಗದಲ್ಲಿ, ಕಾಳಿ ಅಳಿವೆಯ ಪಕ್ಕದಲ್ಲೇ, ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ಸ್ನಾತಕೋತ್ತರ ವಿಭಾಗವಿದೆ.

ಕಡಲ ಜೀವಶಾಸ್ತ್ರಜ್ಞರ ಕೆಲಸದ ರೀತಿ ಸರಳ, ತಾಳ್ಮೆ ಮಾತ್ರ ಅಪಾರ ಬೇಕು. ಲಾಳಿಕೆಯಾಕಾರದ ನವಿರು ಬಲೆಯನ್ನು ದೋಣಿಯ ಹಿಂದೆ ಎಳೆಯುತ್ತಾರೆ. ತುದಿಯ ಡಬ್ಬಿಯಲ್ಲಿ ಉಳಿದದ್ದನ್ನು ಫಾರ್ಮಲಿನ್‌ನಲ್ಲಿಟ್ಟು, ಸೂಕ್ಷ್ಮದರ್ಶಕದಡಿ ಒಂದೊಂದಾಗಿ ಎಣಿಸುತ್ತಾರೆ. ಸಿಗುವುದರಲ್ಲಿ ಹೆಚ್ಚಿನವು ಕೋಪೆಪಾಡ್‌ಗಳು, ರವೆಯ ಕಾಳಿನಷ್ಟೇ ಇರುವ ಸೀಗಡಿಯ ದೂರದ ನೆಂಟರು. ತೇಲುವ ಪಾಚಿಯನ್ನು ಅವು ತಿನ್ನುತ್ತವೆ, ಅವನ್ನು ಮೀನಿನ ಮರಿಗಳು ತಿನ್ನುತ್ತವೆ. ನಮ್ಮ ಸಂತೆಗೆ ಬರುವ ಬೂತಾಯಿಯ ಊಟದಲ್ಲೂ ಅವುಗಳ ಪಾಲಿದೆ. 1960ರ ದಶಕದ ಅಂತಾರಾಷ್ಟ್ರೀಯ ಹಿಂದೂ ಮಹಾಸಾಗರ ಯಾನದಲ್ಲಿ ಹಲವು ದೇಶಗಳ ಹಡಗುಗಳು ಹೀಗೆ ಸೋಸಿ ತಂದ ಜೀವಿಗಳನ್ನು ವಿಂಗಡಿಸಿದ್ದು ಕೊಚ್ಚಿಯಲ್ಲಿ.

ಘಟ್ಟದ ತೊರೆಗಳಲ್ಲೂ ಇಂಥ ತಾಳ್ಮೆಗೆ ಫಲವಿದೆ. ಯಲ್ಲಾಪುರದ ಕಾಡಿನಲ್ಲಿ ಕಂಡ ಬಿಳಿ-ನೇರಳೆ ಏಡಿಯೊಂದಕ್ಕೆ 2022ರಲ್ಲಿ 'ಘಾಟಿಯಾನ ದ್ವಿವರ್ಣ' ಎಂದು ಹೆಸರಾಯಿತು. ಅದನ್ನು ಮೊದಲು ಗಮನಿಸಿದವರಲ್ಲಿ ಅರಣ್ಯ ಇಲಾಖೆಯ ನೌಕರರೊಬ್ಬರೂ ಇದ್ದರು. ಕೊಡಗಿನ ಹೊಳೆ, ತೋಡುಗಳನ್ನೂ ಯಾರಾದರೂ ಹೀಗೆ ಕಣ್ಣಿಟ್ಟು ನೋಡಬೇಕು. ಏಡಿ ಕಂಡರೆ ಊರು, ತಾರೀಖು ಬರೆದಿಟ್ಟುಕೊಳ್ಳಿ, ಬೆನ್ನಿನ ಚಿತ್ರದ ಜೊತೆ ಹೊಟ್ಟೆಯ ಕಡೆಯದ್ದನ್ನೂ ತೆಗೆಯಿರಿ. ಹೊಟ್ಟೆಯ ಮಡಿಕೆ ಅಗಲವಾಗಿದ್ದರೆ ಹೆಣ್ಣು, ಕಿರಿದಾಗಿದ್ದರೆ ಗಂಡು. ಪ್ರಭೇದವನ್ನು ತಜ್ಞರು ಗುರುತಿಸುವುದು ಮುಖ್ಯವಾಗಿ ಗಂಡಿನ ಆ ಮಡಿಕೆಯೊಳಗಿನ ಪುಟ್ಟ ಅಂಗದ ಆಕಾರದಿಂದ.