ಅಕ್ವೇರಿಯಂಗೆ ಕಂದು ಪಾಚಿಯೇ? ತೊಟ್ಟಿ ಖಾಲಿ ಮಾಡಬೇಡಿ!

ಮಕ್ಕಳ ಹಟಕ್ಕೋ, ಹಾಲ್‌ನ ಮೂಲೆಗೊಂದು ಕಳೆ ಬರಲಿ ಅಂತಲೋ ಅಕ್ವೇರಿಯಂ ತಂದಿರುತ್ತೀರಿ. ಪ್ಲಾಸ್ಟಿಕ್ ಗಿಡ ಬೇಡವೆಂದು ನಿಜವಾದ ಜಲಸಸ್ಯಗಳನ್ನೇ ನೆಟ್ಟಿರುತ್ತೀರಿ. ಮೊದಲ ಎರಡು ವಾರ ನೋಡಲು ಎರಡು ಕಣ್ಣು ಸಾಲದು. ಮೂರನೇ ವಾರಕ್ಕೆ ನೋಡಿದರೆ ಗಾಜು, ಮರಳು, ಎಲೆಗಳ ಮೇಲೆಲ್ಲ ಕಾಫಿಪುಡಿ ಉದುರಿಸಿದಂತೆ ಕಂದು ಬಣ್ಣದ ಪದರ! ‘ಏನಿದು ಗಲೀಜು, ಎಲ್ಲ ತೆಗೆದು ಚೆನ್ನಾಗಿ ತೊಳೆದುಬಿಡಮ್ಮಾ’ ಅಂತ ಅತ್ತೆಯವರ ಸಲಹೆಯೂ ಬಂದುಬಿಡುತ್ತೆ.

ದಯವಿಟ್ಟು ಹಾಗೆ ಮಾಡಬೇಡಿ. ಈ ಕಂದು ಪಾಚಿ ಮೀನುಗಳಿಗೆ ಏನೂ ಮಾಡುವುದಿಲ್ಲ. ಅದನ್ನು ತೊಳೆಯುವ ನಮ್ಮ ಆತುರದಿಂದಲೇ ಎಷ್ಟೋ ಮನೆಗಳಲ್ಲಿ ಮೀನು ಸಾಯುವುದು.

ಹೇಗೆ ಅಂತೀರಾ? ಮೀನಿನ ಮಲ, ಉಳಿದ ಆಹಾರ ಕೊಳೆತು ನೀರಿನಲ್ಲಿ ಅಮೋನಿಯಾ ಸೇರುತ್ತೆ. ಇದು ಮೀನಿಗೆ ವಿಷ. ಫಿಲ್ಟರ್‌ನ ಸ್ಪಂಜಿನಲ್ಲಿ, ಮರಳಿನಲ್ಲಿ ನೆಲೆಸುವ ಉಪಕಾರಿ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್ ಆಗಿ, ಆಮೇಲೆ ಅಷ್ಟಾಗಿ ಅಪಾಯವಿಲ್ಲದ ನೈಟ್ರೇಟ್ ಆಗಿ ಬದಲಿಸುತ್ತವೆ. ಇವು ಕುದುರಿಕೊಳ್ಳಲು ನಾಲ್ಕರಿಂದ ಆರು ವಾರ ಬೇಕು. ನೀವು ಸೋಪಿನ ಪುಡಿ ಹಾಕಿ ಮರಳು, ಸ್ಪಂಜು ಎಲ್ಲ ಉಜ್ಜಿ ತೊಳೆದಿರೋ, ಅಷ್ಟೂ ಬ್ಯಾಕ್ಟೀರಿಯಾ ಸಿಂಕಿನ ಪಾಲು. ಕೆಲವೇ ದಿನಗಳಲ್ಲಿ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತವೆ. ಮಗು ಅಳುತ್ತೆ, ನಾವು ಪಾಚಿಯನ್ನು ಬೈಯುತ್ತೇವೆ. ತೊಟ್ಟಿ ಮತ್ತೆ ‘ಹೊಸದು’ ಆದ್ದರಿಂದ ಕಂದು ಪದರವೂ ವಾಪಸ್ ಬರುತ್ತೆ!

ಅಸಲಿಗೆ ಇದು ಡಯಾಟಮ್ ಎಂಬ ಏಕಕೋಶ ಜೀವಿಗಳ ಗುಂಪು. ಒಂದೊಂದಕ್ಕೂ ಸಿಲಿಕಾದ ಪುಟಾಣಿ ಚಿಪ್ಪು. ಅಂದರೆ ಬೆಣಚುಕಲ್ಲು, ಗಾಜುಗಳಲ್ಲಿರುವ ವಸ್ತುವೇ. ಹೊಸ ತೊಟ್ಟಿಯಲ್ಲಿ ಗಿಡಗಳು ಬೇರು ಹಿಡಿದಿರುವುದಿಲ್ಲ, ಬ್ಯಾಕ್ಟೀರಿಯಾ ನೆಲೆಸಿರುವುದಿಲ್ಲ. ಖಾಲಿ ಸೈಟ್ ಕಂಡರೆ ಯಾರೋ ಬಂದು ಶೆಡ್ ಹಾಕ್ತಾರಲ್ಲ, ಹಾಗೆ ಡಯಾಟಮ್ ಮೊದಲು ಬಂದು ಕೂರುತ್ತೆ. ಗಿಡಗಳು ಚಿಗುರಿದಂತೆ ಸಾಮಾನ್ಯವಾಗಿ ಒಂದೆರಡು ತಿಂಗಳಲ್ಲಿ ತಾನಾಗೇ ಜಾಗ ಖಾಲಿ ಮಾಡುತ್ತೆ.

ಅಲ್ಲಿಯವರೆಗೆ ಏನು ಮಾಡೋದು?

ಮೊದಲು ಫಿಲ್ಟರ್, ಲೈಟುಗಳ ಪ್ಲಗ್ ತೆಗೆಯಿರಿ. ಕೈ ನೀರಿಗೆ ಹಾಕುವುದು ಆಮೇಲೆ. ಗಾಜನ್ನು ಅಕ್ವೇರಿಯಂಗೆಂದೇ ಇಟ್ಟ ಹೊಸ ಸ್ಪಂಜಿನಿಂದ ಒರೆಸಿ. ಪಾತ್ರೆ ತೊಳೆಯುವ ಸ್ಕ್ರಬ್ಬರ್ ಖಂಡಿತ ಬೇಡ, ಅದರಲ್ಲಿ ಸೋಪು ಉಳಿದಿರುತ್ತೆ, ಗಾಜಿಗೆ ಗೀರೂ ಬೀಳುತ್ತೆ. ಮೂಲೆಗಳಿಗೆ ಅವಧಿ ಮುಗಿದ ಎಟಿಎಂ ಕಾರ್ಡ್ ಬಹಳ ಚೆನ್ನಾಗಿ ಕೆಲಸ ಮಾಡುತ್ತೆ. ಎಲೆಗಳನ್ನು ವೀಳ್ಯದೆಲೆ ಒರೆಸುವ ಹಾಗೆ ಎರಡು ಬೆರಳ ನಡುವೆ ಹಿಡಿದು ಮೆಲ್ಲಗೆ ಸವರಿ. ಅನುಬಿಯಾಸ್, ಜಾವಾ ಫರ್ನ್‌ನಂಥ ನಿಧಾನವಾಗಿ ಬೆಳೆಯುವ ಗಿಡಗಳ ಮೇಲೆ ಪದರ ಹೆಚ್ಚು ಕೂರುತ್ತೆ. ಪೂರ್ತಿ ಹಾಳಾದ ಎಲೆಯಿದ್ದರೆ ಕತ್ತರಿಸಿಬಿಡಿ.

ಒರೆಸಿದ ಕೂಡಲೇ, ಕೊಳೆ ನೀರಿನಲ್ಲಿ ತೇಲುತ್ತಿರುವಾಗಲೇ ಕೊಳವೆ ಇಟ್ಟು ಕಾಲು ಭಾಗ ನೀರು ಹೊರಗೆಳೆಯಿರಿ. ವಾರಕ್ಕೊಮ್ಮೆ ಇಷ್ಟಾದರೆ ಸಾಕು. ಹಾಗೆ ತೆಗೆದ ನೀರಿನಲ್ಲೇ ಫಿಲ್ಟರ್ ಸ್ಪಂಜನ್ನು ನಾಲ್ಕು ಸಲ ಹಿಂಡಿ ಹಾಕಿ, ನಲ್ಲಿ ಕೆಳಗೆ ಹಿಡಿಯಬೇಡಿ. ಮಿಕ್ಕ ನೀರು ದಾಸವಾಳದ ಕುಂಡಕ್ಕೆ ಒಳ್ಳೆ ಗೊಬ್ಬರ. (ತುಳಸಿಗೆ ಹಾಕಬಹುದೋ ಇಲ್ಲವೋ, ಅದು ನಿಮ್ಮ ಮನೆ ಹಿರಿಯರಿಗೆ ಬಿಟ್ಟದ್ದು!)

ಹೊಸದಾಗಿ ಹಾಕುವ ನೀರಿನ ವಿಷಯಕ್ಕೆ ಬರೋಣ. ಬೆಂಗಳೂರಿನ ಕಾವೇರಿ ನೀರಿನಂಥ ಕಾರ್ಪೊರೇಷನ್ ನೀರಿನಲ್ಲಿ ಕ್ಲೋರಿನ್ ಇರುತ್ತೆ. ಹಿಂದಿನ ದಿನವೇ ಬಕೆಟ್‌ನಲ್ಲಿ ಹಿಡಿದು ಮುಚ್ಚದೆ ಇಡಿ, ಇಲ್ಲವೇ ಅಂಗಡಿಯಲ್ಲಿ ಸಿಗುವ ಆ್ಯಂಟಿಕ್ಲೋರಿನ್ ಹನಿ ಹಾಕಿ. ಬೋರ್‌ವೆಲ್ ನೀರಾದರೆ ಕಲ್ಲುಬಂಡೆಯ ಬಿರುಕುಗಳಿಂದ ಬರುವಾಗ ಸಿಲಿಕಾವನ್ನೂ ಕರಗಿಸಿಕೊಂಡೇ ಬಂದಿರುತ್ತೆ. ಅಂಥ ಮನೆಗಳಲ್ಲಿ ಕಂದು ಪಾಚಿ ಸ್ವಲ್ಪ ಹಟಮಾರಿ. ಅರ್ಧ ಆರ್‌ಒ ನೀರು ಬೆರೆಸಿದರೆ ಗುಣ ಕಾಣುತ್ತೆ. ಬರೀ ಆರ್‌ಒ ನೀರು ಬೇಡ, ಮೀನಿಗೂ ಗಿಡಕ್ಕೂ ಬೇಕಾದ ಖನಿಜಗಳು ಅದರಲ್ಲಿರುವುದಿಲ್ಲ. ಇನ್ನೊಂದು ಮಾತು, ಆರ್‌ಒ ಯಂತ್ರ ಹೊರಗೆ ಬಿಡುವ ನೀರನ್ನು ‘ಯಾಕೆ ವೇಸ್ಟ್ ಮಾಡೋದು’ ಅಂತ ಅಕ್ವೇರಿಯಂಗೆ ಸುರಿಯಬೇಡಿ. ಲವಣ, ಸಿಲಿಕಾ ಎಲ್ಲ ಸಾಂದ್ರವಾಗಿರುವುದು ಅದರಲ್ಲೇ. ಅದು ನೆಲ ಒರೆಸುವುದಕ್ಕೆ ಇರಲಿ.

ಲೈಟ್ ದಿನಕ್ಕೆ ಆರರಿಂದ ಎಂಟು ಗಂಟೆ ಉರಿದರೆ ಸಾಕು. ಪಾಚಿ ಹೋಗಲೆಂದು ಹೆಚ್ಚು ಉರಿಸಿದರೆ ಕಂದು ಹೋಗಿ ಹಸಿರು ಬರುತ್ತೆ, ಅಷ್ಟೇ ವ್ಯತ್ಯಾಸ. ಆಹಾರ ಒಂದೆರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಮಾತ್ರ. ಮನೆಯಲ್ಲಿ ನಾಲ್ಕು ಜನ ನಾಲ್ಕು ಸಲ ಹಾಕಿದರೆ ಯಾವ ಫಿಲ್ಟರ್ ತಾನೇ ತಡೆದೀತು? ವ್ಯಾಲಿಸ್ನೇರಿಯಾ, ಹಾರ್ನ್‌ವರ್ಟ್‌ನಂಥ ಬೇಗ ಬೆಳೆಯುವ ಗಿಡಗಳನ್ನು ನಾಲ್ಕು ಹೆಚ್ಚಾಗಿಯೇ ಹಾಕಿ.

ಸಕ್ಕರ್ ಫಿಶ್ ಮೋಹ ಬೇಡ

‘ಒಂದು ಸಕ್ಕರ್ ಫಿಶ್ ತಗೊಂಡ್ಹೋಗಿ ಮೇಡಂ, ಎಲ್ಲ ಕ್ಲೀನ್ ಮಾಡುತ್ತೆ’ ಅಂತಾರೆ ಅಂಗಡಿಯವರು. ಬೆರಳುದ್ದದ ಈ ಮೀನು ಒಂದಡಿ ಮೀರಿ ಬೆಳೆಯುತ್ತೆ, ತಿನ್ನುವ ಪಾಚಿಗಿಂತ ಮಾಡುವ ಗಲೀಜೇ ಜಾಸ್ತಿ. ಸಾಕಲಾರದೆ ಕೆರೆಗೆ ಬಿಟ್ಟುಬಿಟ್ಟು, ದಕ್ಷಿಣ ಭಾರತದ ಹಲವು ಕೆರೆ-ನದಿಗಳಲ್ಲಿ ಇದೀಗ ನಾಡಮೀನುಗಳಿಗೆ ಕಂಟಕವಾಗಿದೆ. ಬೇಕೇ ಬೇಕಿದ್ದರೆ ನೆರೈಟ್ ಬಸವನಹುಳು ತನ್ನಿ. ಗಾಜನ್ನು ಚೊಕ್ಕವಾಗಿ ಮೇಯುತ್ತೆ. ಅದು ಅಂಟಿಸುವ ಬಿಳಿ ಮೊಟ್ಟೆಗಳು ಸಿಹಿನೀರಿನಲ್ಲಿ ಮರಿಯಾಗುವುದಿಲ್ಲ. ಓಟೋಸಿಂಕ್ಲಸ್ ಎಂಬ ಪುಟ್ಟ ಮೀನೂ ಡಯಾಟಮ್‌ಪ್ರಿಯ. ಆದರೆ ತುಂಬ ನಾಜೂಕು, ತೊಟ್ಟಿಗೆ ಒಂದೆರಡು ತಿಂಗಳಾದ ಮೇಲೆ ಐದಾರರ ಗುಂಪಾಗಿ ತರಬೇಕು. ಪಾಚಿ ಕೊಲ್ಲುವ ಬಾಟಲಿ ಔಷಧಿಗೆ ಸದ್ಯಕ್ಕೆ ದುಡ್ಡು ಹಾಕಬೇಡಿ.

ಒಂದು ಪರೀಕ್ಷೆ ಮಾತ್ರ ಮಾಡಿಕೊಳ್ಳಿ. ಬೆರಳಿನಿಂದ ಉಜ್ಜಿದಾಗ ಧೂಳಿನಂತೆ ಸುಲಭವಾಗಿ ಬಿಟ್ಟರೆ ಅದು ಡಯಾಟಮ್. ಗಾಜು ಚೊಕ್ಕವಾಗಿದ್ದು ನೀರೇ ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದರೆ ಪಾಚಿಯಲ್ಲ, ಅಲಂಕಾರಕ್ಕಿಟ್ಟ ಮರದ ಕೊರಡು ಬಣ್ಣ ಬಿಡುತ್ತಿದೆ. ಎಲೆಯಂಚಿಗೆ ಕಪ್ಪು ಕುಚ್ಚಿನಂತೆ ಗಟ್ಟಿಯಾಗಿ ಅಂಟಿಕೊಂಡಿದ್ದರೆ, ಅಥವಾ ಕೆಟ್ಟ ವಾಸನೆಯ ನೀಲಿ-ಹಸಿರು ಲೋಳೆ ಹಾಳೆಯಂತೆ ಎದ್ದು ಬಂದರೆ ಅವು ಬೇರೆಯೇ ಜಾತಿ, ತಾನಾಗಿ ಹೋಗುವಂಥವಲ್ಲ. ಮೂರು ತಿಂಗಳಾದರೂ ಕಂದು ಪದರ ಕಡಿಮೆಯಾಗದಿದ್ದರೆ ಮರಳಿನಡಿ ಕೊಳೆ ನಿಂತಿದೆಯಾ, ಮೀನು ಜಾಸ್ತಿಯಾಗಿದೆಯಾ ನೋಡಿ, ಆಮೇಲೆ ನೀರಿನ ಮೂಲ ಬದಲಿಸಿ.