ಅಗೆದು ಎತ್ತರವಾದ ಊರು: ಒರ್ವಿಯೆಟೊ

ರೋಮಿನಿಂದ ಫ್ಲಾರೆನ್ಸಿನ ಕಡೆಗೆ ಉತ್ತರಾಭಿಮುಖವಾಗಿ ಸಾಗುವ ರೈಲುಗಾಡಿಯಲ್ಲಿ ಕುಳಿತವನಿಗೆ, ಒಂದು ಗಂಟೆಗಿಂತ ತುಸು ಹೆಚ್ಚಿನ ಪ್ರಯಾಣವಾದ ಮೇಲೆ, ಪಾಲ್ಯಾ ನದಿಯ ಬಯಲಿನ ಅಂಚಿನಲ್ಲಿ, ದ್ರಾಕ್ಷಿತೋಟಗಳ ಹಸುರಿನ ನಡುವಿನಿಂದ ಒಮ್ಮೆಗೇ ಮೇಲೆದ್ದ ಹೊಂಗಂದು ಬಣ್ಣದ ಒಂದು ಬಂಡೆ ಗೋಚರವಾಗುತ್ತದೆ. ಇತರ ಬೆಟ್ಟಗಳಿಗಿರುವಂತೆ ಅದಕ್ಕೆ ಶಿಖರವಿಲ್ಲ. ಮೇಲ್ಭಾಗವು ಜಗಲಿಯಂತೆ ಸಮತಟ್ಟಾಗಿಯೂ ಪಾರ್ಶ್ವಗಳು ಕೋಟೆಯ ಗೋಡೆಯಂತೆ ನೆಟ್ಟಗೂ ಇವೆ. ಆ ಬಂಡೆ ಎಲ್ಲಿ ಮುಗಿಯಿತು, ಅದರ ಮೇಲಿನ ಮನೆಗಳ ಗೋಡೆ ಎಲ್ಲಿ ಮೊದಲಾಯಿತು ಎಂಬುದನ್ನು ದೂರದಿಂದ ನಿರ್ಧರಿಸುವುದು ಕಷ್ಟ. ಏಕೆಂದರೆ ಎರಡರ ಬಣ್ಣವೂ ಒಂದೇ, ಎರಡರ ಕಲ್ಲೂ ಒಂದೇ. ಉಂಬ್ರಿಯಾ ಪ್ರಾಂತದ ಒರ್ವಿಯೆಟೊ ನಗರವು ಹೊಸಬನಿಗೆ ಮೊದಲು ಕಾಣಿಸಿಕೊಳ್ಳುವುದು ಹೀಗೆ. ಮತ್ತು ಈ ಮೊದಲ ನೋಟದ ಗೊಂದಲದಲ್ಲಿಯೇ ಆ ಊರಿನ ಸಮಸ್ತ ಚರಿತ್ರೆಯೂ ಅಡಗಿದೆ.

ಬಂಡೆಯ ಜನ್ಮವೃತ್ತಾಂತವನ್ನು ಅರಿಯದೆ ಊರಿನ ಕಥೆಯನ್ನು ಹೇಳುವಂತಿಲ್ಲ. ನೈಋತ್ಯ ದಿಕ್ಕಿನಲ್ಲಿ, ಈಗ ಬೊಲ್ಸೇನಾ ಸರೋವರವು ಪ್ರಶಾಂತವಾಗಿ ಮಲಗಿರುವ ಪ್ರದೇಶದಲ್ಲಿ, ಸುಮಾರು ಮೂರು ಲಕ್ಷ ವರ್ಷಗಳ ಹಿಂದೆ ಅಗ್ನಿಪರ್ವತಗಳು ಉಗುಳಿದ ಬೂದಿಯು, ಅದಕ್ಕೂ ಪ್ರಾಚೀನವಾದ ಸಮುದ್ರತಳದ ಜೇಡಿಮಣ್ಣಿನ ಮೇಲೆ ಬಂದು ಕವಿದು, ಕಾಲಕ್ರಮದಲ್ಲಿ ಗಟ್ಟಿಗೊಂಡು, ಇಟಲಿಯವರು ತೂಫೊ ಎಂದು ಕರೆಯುವ ಕಲ್ಲಾಯಿತು. ಗುದ್ದಲಿಯ ಪೆಟ್ಟಿಗೆ ಸುಲಭವಾಗಿ ಒಪ್ಪುವಷ್ಟು ಮೃದು, ಕಮಾನಾಗಿ ಕೊರೆದರೆ ಕುಸಿಯದೆ ನಿಲ್ಲುವಷ್ಟು ದೃಢ. ಇವೆರಡು ಗುಣಗಳ ಸಂಯೋಗವೇ ಈ ಕಲ್ಲಿನ ವಿಶೇಷ. ಆದುದರಿಂದ ಇಲ್ಲಿ ಮನೆ ಕಟ್ಟಬಯಸಿದವನು ಕಲ್ಲಿಗಾಗಿ ದೂರ ಹೋಗಬೇಕಾಗಿರಲಿಲ್ಲ. ತನ್ನ ನಿವೇಶನದ ಅಡಿಯಲ್ಲಿಯೇ ಅಗೆದು, ತೆಗೆದ ಕಲ್ಲನ್ನು ಮೇಲೆ ಗೋಡೆಯಾಗಿ ಏರಿಸುತ್ತಿದ್ದನು. ಅಗೆದ ಜಾಗವು ನೆಲಮಾಳಿಗೆಯಾಗಿ ಉಳಿಯುತ್ತಿತ್ತು. ಹೀಗೆ ಶತಮಾನಗಳುದ್ದಕ್ಕೂ ಮೇಲೊಂದು ಊರು ಬೆಳೆದಂತೆ ಕೆಳಗೊಂದು ಊರು ಟೊಳ್ಳಾಗುತ್ತ ಹೋಯಿತು. ಇಂದು ಲೆಕ್ಕಕ್ಕೆ ಸಿಕ್ಕಿರುವ ಇಂಥ ಗುಹೆಗಳು ಸುಮಾರು 1,200. ಒರ್ವಿಯೆಟೊವನ್ನು ನೋಡುವುದೆಂದರೆ ಈ ಎರಡು ಊರುಗಳನ್ನೂ ನೋಡುವುದು. ಒಂದನ್ನು ಕಂಡು ಹಿಂದಿರುಗಿದವನು ಅರ್ಧ ಊರನ್ನು ಮಾತ್ರ ಕಂಡಂತಾಯಿತು.

ನಿಲ್ದಾಣದಲ್ಲಿ ಇಳಿದವನನ್ನು ಬಂಡೆಯ ನೆತ್ತಿಗೆ ಒಯ್ಯುವುದು ಹಗ್ಗದಿಂದ ಎಳೆಯಲ್ಪಡುವ ಒಂದು ಪುಟ್ಟ ರೈಲು. 1888ರಲ್ಲಿ ಇದನ್ನು ಮೊದಲು ಓಡಿಸಿದಾಗ ಅದಕ್ಕೆ ಉಗಿಯೂ ಇರಲಿಲ್ಲ, ವಿದ್ಯುತ್ತೂ ಇರಲಿಲ್ಲ. ಮೇಲಿನ ಗಾಡಿಯ ತೊಟ್ಟಿಗೆ ನೀರು ತುಂಬಿದರೆ ಅದು ಭಾರದಿಂದ ಕೆಳಗಿಳಿಯುವುದು, ಇಳಿಯುತ್ತ ಕೆಳಗಿನ ಗಾಡಿಯನ್ನು ಮೇಲಕ್ಕೆಳೆಯುವುದು. ಕೆಳಗೆ ಮುಟ್ಟಿದ ಮೇಲೆ ನೀರನ್ನು ಚೆಲ್ಲುವುದು. ತಕ್ಕಡಿಯ ಎರಡು ತಟ್ಟೆಗಳ ಈ ಸರಳ ನ್ಯಾಯದಿಂದಲೇ ಅದು ನಡೆಯುತ್ತಿತ್ತು. 1970ರಲ್ಲಿ ನಿಂತುಹೋದ ಈ ಗಾಡಿಯು 1990ರಲ್ಲಿ ವಿದ್ಯುಚ್ಛಕ್ತಿಯಿಂದ ಮತ್ತೆ ಚಲಿಸತೊಡಗಿತು.

ಮೇಲೆ ಬಂದವರೆಲ್ಲರೂ ಮೊದಲು ನಡೆಯುವುದು ಊರಿನ ಪ್ರಧಾನ ದೇವಾಲಯವಾದ ದುವೊಮೊದ ಕಡೆಗೆ. ಇದರ ಹಿಂದೆ ಒಂದು ಐತಿಹ್ಯವಿದೆ. 1263ರಲ್ಲಿ ಬೊಹೀಮಿಯಾದಿಂದ ಬಂದ ಒಬ್ಬ ಗುರುವು, ಪರಮಪ್ರಸಾದದ ರೊಟ್ಟಿಯು ನಿಜವಾಗಿಯೂ ಕ್ರಿಸ್ತನ ಶರೀರವಾಗುವುದೇ ಎಂಬ ಶಂಕೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಬೊಲ್ಸೇನಾದಲ್ಲಿ ಬಲಿಪೂಜೆಯನ್ನು ಅರ್ಪಿಸುತ್ತಿದ್ದಾಗ, ಆ ರೊಟ್ಟಿಯಿಂದ ರಕ್ತವು ಒಸರಿ ಬಲಿಪೀಠದ ವಸ್ತ್ರವನ್ನು ತೋಯಿಸಿತೆಂದು ಭಕ್ತರು ನಂಬುತ್ತಾರೆ. ಆಗ ಒರ್ವಿಯೆಟೊದಲ್ಲಿ ವಾಸವಾಗಿದ್ದ ಪೋಪ್ ನಾಲ್ಕನೆಯ ಅರ್ಬನನು ಆ ವಸ್ತ್ರವನ್ನು ತರಿಸಿಕೊಂಡನೆಂದೂ ಐತಿಹ್ಯವು ಹೇಳುತ್ತದೆ. ಮರುವರ್ಷ, 1264ರಲ್ಲಿ, ಪರಮಪ್ರಸಾದದ ಮಹೋತ್ಸವವನ್ನು ಸಮಸ್ತ ಕಥೋಲಿಕ ಲೋಕಕ್ಕೆ ವಿಧಿಸಿದ ಅವನ ಆಜ್ಞಾಪತ್ರವು ಹೊರಟುದು ಈ ಊರಿನಿಂದಲೇ ಎಂಬುದು ಚರಿತ್ರೆ. ದೇವಾಲಯಕ್ಕೆ ಅಸ್ತಿವಾರ ಬಿದ್ದುದು 1290ರಲ್ಲಿ. ಆ ವಸ್ತ್ರವನ್ನು ಇಂದಿಗೂ ಅಲ್ಲಿಯೇ ಪೂಜಿಸುತ್ತಾರೆ.

ವಿಸ್ಮಯದ ಸಂಗತಿಯೆಂದರೆ, ತನ್ನ ಮನೆಗಳನ್ನೆಲ್ಲ ತನ್ನ ಅಡಿಯ ಕಲ್ಲಿನಿಂದಲೇ ಕಟ್ಟಿಕೊಂಡ ಈ ಊರು, ದೇವರ ಮನೆಯ ಹೊರಮೈಗೆ ಮಾತ್ರ ಆ ಕಲ್ಲನ್ನು ಒಲ್ಲೆನೆಂದಿತು. ಗೋಡೆಗಳಿಗೆ ಕರಿಯ ಬಸಾಲ್ಟ್ ಕಲ್ಲನ್ನೂ ಬಿಳುಪಾದ ಟ್ರಾವರ್ಟೀನ್ ಕಲ್ಲನ್ನೂ ಪಟ್ಟೆಪಟ್ಟೆಯಾಗಿ ಒಂದರ ಮೇಲೊಂದು ಇಟ್ಟರು. ಅಮೃತಶಿಲೆಯನ್ನು ಕರ್ರಾರಾದಿಂದಲೂ ರೋಮಿನಿಂದಲೂ ತರಿಸಿದರು. 1310ರಲ್ಲಿ ಸಿಯೆನಾದ ಲೊರೆಂಜೊ ಮೈತಾನಿ ಎಂಬ ಸ್ಥಪತಿಯು ಕೆಲಸದ ಮೇಲ್ವಿಚಾರಣೆಗೆ ನಿಯುಕ್ತನಾಗಿ, ಶಿಥಿಲವಾಗಿದ್ದ ಗೋಡೆಗಳಿಗೆ ಆಧಾರ ಕೊಟ್ಟು, ಮುಂಭಾಗದ ಯೋಜನೆಯನ್ನು ರೂಪಿಸಿದನು. ಆ ಮುಂಭಾಗದ ನಾಲ್ಕು ಕಂಬಭಿತ್ತಿಗಳ ಮೇಲೆ, ಆದಿಕಾಂಡದ ಸೃಷ್ಟಿಯಿಂದ ಮೊದಲಾಗಿ ಅಂತಿಮ ತೀರ್ಪಿನವರೆಗಿನ ಕಥೆಯು, ಬಳ್ಳಿಯ ಹಂಬುಗಳ ನಡುವೆ ಹಣ್ಣು ಬಿಟ್ಟಂತೆ, ಉಬ್ಬುಶಿಲ್ಪಗಳಲ್ಲಿ ಮೂಡಿನಿಂತಿದೆ. ಕೆಳಗೆ ಶಿಲ್ಪ, ಮೇಲೆ ಹೊಂಬಣ್ಣದ ಮೊಸಾಯಿಕ್ ಚಿತ್ರಗಳು. ಇಳಿಹೊತ್ತಿನ ಬಿಸಿಲು ನೇರವಾಗಿ ಅವುಗಳ ಮೇಲೆ ಬೀಳುವ ಸಮಯದಲ್ಲಿ ಎದುರಿನ ಕಟ್ಟೆಯ ಮೇಲೆ ಕುಳಿತವನು ಬೇಗನೆ ಏಳಲಾರನು.

ಈ ಕಾರ್ಯವು ಒಂದು ತಲೆಮಾರಿನಲ್ಲಿ ಮುಗಿಯುವಂಥದಾಗಿರಲಿಲ್ಲ. ಮುಂಭಾಗವೊಂದೇ ಮೂರು ಶತಮಾನಗಳನ್ನು ತೆಗೆದುಕೊಂಡಿತು. ಅಷ್ಟು ಕಾಲ ಲೆಕ್ಕಪತ್ರವಿಟ್ಟು, ಶಿಲ್ಪಿಗಳಿಗೆ ಕೂಲಿ ಕೊಟ್ಟು, ಕಲ್ಲು ತರಿಸಿದ ಸಂಸ್ಥೆಯ ಹೆಸರು ಓಪೆರಾ ದೆಲ್ ದುವೊಮೊ. ಅದು ಇಂದಿಗೂ ಜೀವಂತವಾಗಿದ್ದು ಕಟ್ಟಡದ ಯೋಗಕ್ಷೇಮವನ್ನು ವಹಿಸಿಕೊಂಡಿದೆ. ದೇವಾಲಯದ ಬಳಿಯ ಗೋಪುರವೊಂದರ ತುದಿಯಲ್ಲಿ ಕಂಚಿನ ಪುರುಷನೊಬ್ಬನು ನಿಂತು ಗಂಟೆಗಂಟೆಗೂ ಘಂಟೆ ಬಾರಿಸುತ್ತಾನೆ. ಮೌರೀಟ್ಸಿಯೊ ಎಂದು ಊರವರು ಕರೆಯುವ ಈತನನ್ನು 14ನೆಯ ಶತಮಾನದಲ್ಲಿ ಅಲ್ಲಿ ನಿಲ್ಲಿಸಿದ ಉದ್ದೇಶವು ಅಲಂಕಾರವಲ್ಲ. ದೇವಾಲಯದ ಕೆಲಸಗಾರರು ಎಷ್ಟು ಹೊತ್ತಿಗೆ ಉಳಿ ಹಿಡಿಯಬೇಕು, ಎಷ್ಟು ಹೊತ್ತಿಗೆ ಕೆಳಗಿಡಬೇಕು ಎಂಬುದನ್ನು ತಿಳಿಸುವುದು.

ಒಳಗೆ, ಬಲಗಡೆಯ ಸಾನ್ ಬ್ರಿಟ್ಸಿಯೊ ಪ್ರಾರ್ಥನಾಗೃಹದಲ್ಲಿ, 1447ರಲ್ಲಿ ಫ್ರಾ ಆಂಜೆಲಿಕೊ ಎಂಬ ಸನ್ಯಾಸಿ ಚಿತ್ರಕಾರನು ಮೊದಲುಮಾಡಿ ಅರ್ಧಕ್ಕೆ ಬಿಟ್ಟುಹೋದ ಭಿತ್ತಿಚಿತ್ರಗಳನ್ನು, ಅರ್ಧ ಶತಮಾನದ ತರುವಾಯ, 1499ರಿಂದ 1504ರವರೆಗೆ ಲೂಕಾ ಸಿನ್ಯೊರೆಲ್ಲಿಯು ಪೂರೈಸಿದನು. ಲೋಕದ ಅಂತ್ಯವೇ ಅವುಗಳ ವಸ್ತು. ಕ್ರಿಸ್ತವಿರೋಧಿಯು ಬೋಧಿಸುತ್ತಿರುವ ಚಿತ್ರದ ಒಂದು ಮೂಲೆಯಲ್ಲಿ ಕರಿಯ ಉಡುಪಿನ ಸಿನ್ಯೊರೆಲ್ಲಿಯೂ ಅವನ ಹಿಂದೆ ಫ್ರಾ ಆಂಜೆಲಿಕೊನೂ ಜೊತೆಯಾಗಿ ನಿಂತಿದ್ದಾರೆ. ಮೊದಲುಮಾಡಿದವನನ್ನು ಮುಗಿಸಿದವನು ಮರೆಯಲಿಲ್ಲ. ಆದರೆ ಈ ಊರಿಗೆ ಅತ್ಯಂತ ಉಚಿತವಾದ ಚಿತ್ರವು ಮೃತರ ಪುನರುತ್ಥಾನದ್ದು. ಮೇಲೆ ದೇವದೂತರಿಬ್ಬರು ಕಹಳೆಯೂದುತ್ತಿರಲು, ಕೆಳಗೆ ಬರಿಯ ಬಿಳಿಯ ನೆಲವನ್ನು ಭೇದಿಸಿಕೊಂಡು ಜನರು ಮೇಲೇಳುತ್ತಿದ್ದಾರೆ: ಒಬ್ಬನ ತಲೆ ಮಾತ್ರ ಹೊರಬಂದಿದೆ, ಒಬ್ಬನು ಅಂಗೈಗಳನ್ನು ನೆಲಕ್ಕೆ ಒತ್ತಿ ಸೊಂಟವನ್ನು ಎಳೆದುಕೊಳ್ಳುತ್ತಿದ್ದಾನೆ, ಮತ್ತೊಬ್ಬನಿಗೆ ಎಲುಬಿನ ಮೇಲೆ ಮಾಂಸವಿನ್ನೂ ತುಂಬಿಲ್ಲ. ನೆಲದೊಳಗಿನಿಂದ ಮೇಲಕ್ಕೆ ಬರುವ ಶ್ರಮವನ್ನು ಇಷ್ಟು ಬಲ್ಲವನಾಗಿ ಬರೆಯುವುದಕ್ಕೆ ಈ ಬಂಡೆಯ ಮೇಲಿನ ವಾಸವೂ ನೆರವಾಯಿತೋ ಎಂದು ನೋಡುವವನಿಗೆ ಅನಿಸದಿರದು.

ಇನ್ನು ಕೆಳಗಿನ ಊರು. ಮಾರ್ಗದರ್ಶಕನ ಹಿಂದೆ ಕಿರಿದಾದ ಮೆಟ್ಟಿಲುಗಳನ್ನು ಇಳಿದರೆ, ಬೇಸಗೆಯಲ್ಲಿಯೂ ಮೈ ಜುಮ್ಮೆನ್ನುವ ತಂಪು ಎದುರುಗೊಳ್ಳುತ್ತದೆ. ಒಂದು ಗುಹೆಯಲ್ಲಿ ಆಲಿವ್ ಎಣ್ಣೆಯ ಗಾಣದ ಕಲ್ಲುಗಳು. ಇನ್ನೊಂದರಲ್ಲಿ ದ್ರಾಕ್ಷಾರಸದ ಪೀಪಾಯಿಗಳನ್ನಿಡುತ್ತಿದ್ದ ಕಟ್ಟೆಗಳು. ಹಿಂದಿನ ಕಾಲದ ಒರ್ವಿಯೆಟೊ ದ್ರಾಕ್ಷಾರಸವು ತುಸು ಸಿಹಿಯಾಗಿರುತ್ತಿದ್ದುದಕ್ಕೆ ಈ ತಂಪೇ ಕಾರಣ. ಹುಳಿಯುವ ಕ್ರಿಯೆಯು ಪೂರ್ತಿಯಾಗುವ ಮೊದಲೇ ಚಳಿಗೆ ಜಡವಾಗಿ, ಹಣ್ಣಿನ ಸಕ್ಕರೆಯಲ್ಲಿ ಒಂದಂಶವು ಉಳಿಯುತ್ತಿತ್ತು. ಮತ್ತೊಂದು ಗುಹೆಯ ಗೋಡೆಗಳ ತುಂಬ, ಪುಸ್ತಕದ ಕಪಾಟಿನ ಖಾನೆಗಳಂತೆ, ಸಾಲುಸಾಲಾಗಿ ಕೊರೆದ ಚೌಕ ಗೂಡುಗಳು ಕಾಣುತ್ತವೆ. ಇವು ಪಾರಿವಾಳಗಳಿಗಾಗಿ ಮಾಡಿದುವು. ಕಣಿವೆಯ ಕಡೆಗೆ ತೆರೆದ ಕಿಟಕಿಯಿಂದ ಹಕ್ಕಿಗಳು ತಾವೇ ಹೊರಗೆ ಹೋಗಿ ಮೇದು ಬರುತ್ತಿದ್ದುವಾದುದರಿಂದ, ಮನೆಯವನಿಗೆ ಕಾಳಿನ ಖರ್ಚಿಲ್ಲದೆ ಅಡಿಗೆಗೆ ಮಾಂಸವು ಒದಗುತ್ತಿತ್ತು.

ಇವುಗಳಿಗಿಂತಲೂ ಸ್ವಾರಸ್ಯವಾದುವು ಕಸದ ಗುಂಡಿಗಳು. ಮಧ್ಯಯುಗದ ಮನೆಗಳವರು ಒಡೆದ ಪಾತ್ರೆ, ಬೂದಿ, ಎಲುಬು ಮುಂತಾದುವನ್ನು ನೆಲದಲ್ಲಿ ಕೊರೆದ ಆಳವಾದ ಕುಳಿಗಳಿಗೆ ಎಸೆಯುತ್ತಿದ್ದರು. ಇವನ್ನು ಬುತ್ತಿ ಎನ್ನುತ್ತಾರೆ. ಹೆಸರು ಕೇಳಿ ನಮ್ಮ ಬುತ್ತಿಯ ಗಂಟು ನೆನಪಾಗಿ ನಗು ಬಂದರೂ, ಆ ಮಾತಿಗೆ ಅಲ್ಲಿ ಎಸೆತವೆಂಬುದೇ ಅರ್ಥ. ಹಸುರು ಕಂದು ಬಣ್ಣಗಳಲ್ಲಿ ಹಕ್ಕಿ, ಎಲೆ, ಮಾನವಮುಖಗಳನ್ನು ಬರೆದ ಒರ್ವಿಯೆಟೊದ ಮಧ್ಯಯುಗದ ಮಡಕೆಗಳನ್ನು ಇಂದು ವಸ್ತುಸಂಗ್ರಹಾಲಯಗಳು ಗಾಜಿನ ಪೆಟ್ಟಿಗೆಗಳಲ್ಲಿಟ್ಟು ಆದರಿಸುತ್ತಿವೆಯಷ್ಟೆ. ಅವುಗಳಲ್ಲಿ ಬಹುಪಾಲು ದೊರೆತುದು ಗೃಹಿಣಿಯರು ನಿರುಪಯುಕ್ತವೆಂದು ಎಸೆದ ಈ ಕುಳಿಗಳಲ್ಲಿಯೇ.

ಇಷ್ಟೆಲ್ಲ ಕೊಟ್ಟ ಬಂಡೆಯು ಒಂದನ್ನು ಮಾತ್ರ ಕೊಡಲಿಲ್ಲ, ಅದು ನೀರು. ಮಳೆಯ ನೀರು ತೂಫೊ ಕಲ್ಲಿನಲ್ಲಿ ಇಂಗಿ, ತಳದ ಜೇಡಿಮಣ್ಣನ್ನು ಮುಟ್ಟಿದಲ್ಲಿ ನಿಂತು, ಬುಡದಲ್ಲಿ ಊಟೆಯಾಗಿ ಒಸರುತ್ತದೆ. ಶತ್ರುವಿಗೆ ಅಭೇದ್ಯವಾದ ಊರು ಬಾಯಾರಿಕೆಗೆ ಸುಲಭವಾಗಿ ಸೋಲಬಹುದಾಗಿತ್ತು. 1527ರ ಮೇ ತಿಂಗಳಲ್ಲಿ ಚಕ್ರವರ್ತಿ ಐದನೆಯ ಚಾರ್ಲ್ಸನ ಸೈನ್ಯವು ರೋಮ್ ನಗರವನ್ನು ಸೂರೆಗೊಂಡಾಗ ಕೋಟೆಯೊಳಗೆ ಸಿಕ್ಕಿಬಿದ್ದ ಪೋಪ್ ಏಳನೆಯ ಕ್ಲೆಮೆಂಟನು, ಡಿಸೆಂಬರಿನಲ್ಲಿ ವೇಷ ಮರೆಸಿಕೊಂಡು ತಪ್ಪಿಸಿಕೊಂಡು ಬಂದು ಆಶ್ರಯ ಪಡೆದುದು ಇಲ್ಲಿಯೇ. ತನ್ನ ವಿವಾಹವನ್ನು ರದ್ದುಗೊಳಿಸಬೇಕೆಂದು ಕೇಳಿ ಇಂಗ್ಲೆಂಡಿನ ಎಂಟನೆಯ ಹೆನ್ರಿಯು ಕಳುಹಿಸಿದ ದೂತರು 1528ರಲ್ಲಿ ಅವನನ್ನು ಕಂಡುದೂ ಈ ಬಂಡೆಯ ಮೇಲೆಯೇ. ಮುತ್ತಿಗೆಯ ಭಯವನ್ನು ಮೈಮೇಲೆ ಅನುಭವಿಸಿ ಬಂದಿದ್ದ ಪೋಪನು, ಆಂಟೋನಿಯೊ ದಾ ಸಾಂಗಾಲ್ಲೊ ಎಂಬ ಶಿಲ್ಪಿಗೆ, ಬಂಡೆಯ ಅಂಚಿನಲ್ಲಿ, ಈ ಊರಿನ ಕೋಟೆಯ ಪಕ್ಕದಲ್ಲಿ ಒಂದು ಬಾವಿಯನ್ನು ತೋಡಲು ಆಜ್ಞಾಪಿಸಿದನು.

ಬಾವಿಯ ಆಳ 53 ಮೀಟರ್, ಅಗಲ 13 ಮೀಟರ್. ಇಷ್ಟು ಆಳದಿಂದ ಊರಿಗಾಗುವಷ್ಟು ನೀರನ್ನು ಹಗ್ಗದಿಂದ ಸೇದುವುದು ಅಸಾಧ್ಯ. ಹೇಸರಗತ್ತೆಗಳೇ ಇಳಿದು ಹೊತ್ತು ತರಬೇಕು. ಆದರೆ ಒಂದೇ ದಾರಿಯಲ್ಲಿ ಬರಿಯ ಕೊಡದ ಕತ್ತೆ ಇಳಿಯುತ್ತಿರಲು ತುಂಬಿದ ಕೊಡದ ಕತ್ತೆ ಎದುರಾದರೆ ಗತಿಯೇನು? ಇದಕ್ಕೆ ಸಾಂಗಾಲ್ಲೊ ಕಂಡುಕೊಂಡ ಪರಿಹಾರವು ಅವನ ಪ್ರತಿಭೆಯ ಸಾರವೆನ್ನಬಹುದು. ಹೆಣೆದ ಜಡೆಯ ಎರಡು ಎಳೆಗಳಂತೆ, ಒಂದರ ಮೇಲೊಂದು ಸುತ್ತಿಕೊಂಡು, ಎಲ್ಲಿಯೂ ಪರಸ್ಪರ ಸಂಧಿಸದ ಎರಡು ಸುರುಳಿ ಸೋಪಾನಗಳನ್ನು ಅವನು ನಿರ್ಮಿಸಿದನು. ಮೇಲೆ ಎರಡಕ್ಕೂ ಎದುರುಬದುರಾಗಿ ಬೇರೆಬೇರೆ ಬಾಗಿಲು. ಒಂದೊಂದಕ್ಕೂ 248 ಅಗಲವಾದ ತಗ್ಗು ಮೆಟ್ಟಿಲುಗಳು. ಒಂದರಲ್ಲಿ ಇಳಿದ ಕತ್ತೆಯು ತಳದಲ್ಲಿ ನೀರಿನ ಮೇಲಣ ಪುಟ್ಟ ಸೇತುವೆಯನ್ನು ದಾಟಿ ಮತ್ತೊಂದರಲ್ಲಿ ಏರಿ ಹೊರಬೀಳುತ್ತಿತ್ತು. ನಡುವಿನ ಬಾವಿಯ ಕಡೆಗೆ ತೆರೆದ ಸುಮಾರು 70 ಕಿಟಕಿಗಳಿಂದ ಆಕಾಶದ ಬೆಳಕು ಒಳಗಿಳಿಯುತ್ತದೆ. ಇಂದು ಇಳಿಯುವ ಯಾತ್ರಿಕನು ಆ ಕಿಟಕಿಯಲ್ಲಿ ಇಣುಕಿದರೆ, ಎದುರು ಕಿಟಕಿಯಲ್ಲಿ ಏರುತ್ತಿರುವವರ ಮುಖವನ್ನು ಕಾಣುತ್ತಾನೆ. ಕೈ ಬೀಸಬಹುದು, ಭೇಟಿಯಾಗಲಾರನು.

ಕ್ಲೆಮೆಂಟನು 1528ರಲ್ಲಿಯೇ ಇಲ್ಲಿಂದ ಹೊರಟು, 1534ರಲ್ಲಿ ತೀರಿಕೊಂಡನು; ಬಾವಿಯು ಪೂರ್ತಿಯಾದುದು 1537ರಲ್ಲಿ, ಮೂರನೆಯ ಪೌಲನ ಕಾಲಕ್ಕೆ. ರಕ್ಷಣೆಗೆ ಪ್ರಕೃತಿಯು ನಿರಾಕರಿಸಿದುದನ್ನು ಮನುಷ್ಯಪ್ರಯತ್ನವು ಒದಗಿಸಿತು ಎಂಬರ್ಥದ ಲ್ಯಾಟಿನ್ ಶಾಸನವೊಂದು ಅದರ ಬಾಗಿಲಲ್ಲಿದೆ. ಐರ್ಲೆಂಡಿನ ಸಂತ ಪ್ಯಾಟ್ರಿಕನ ಆಳವಾದ ಗುಹೆಯ ನೆನಪಿನಿಂದ ಇದಕ್ಕೆ ಮುಂದೆ ಸಂತ ಪ್ಯಾಟ್ರಿಕನ ಬಾವಿ ಎಂದು ಹೆಸರಾಯಿತು. ಎಷ್ಟು ಸುರಿದರೂ ತುಂಬದ, ಎಷ್ಟು ತೆಗೆದರೂ ಬರಿದಾಗದ ವಸ್ತುವನ್ನು ಇಟಲಿಯವರು ಇಂದಿಗೂ ಆ ಹೆಸರಿನಿಂದ ಕರೆಯುತ್ತಾರೆ.

ಅಗೆತಕ್ಕೆ ಊರು ಬೆಲೆಯನ್ನೂ ತೆರಬೇಕಾಯಿತು. ಬಂಡೆಯ ಅಂಚುಗಳು ಜರಿಯತೊಡಗಿ, 1970ರ ದಶಕದ ಕೊನೆಯ ವೇಳೆಗೆ ಅಪಾಯವು ತೀವ್ರವಾದಾಗ, ಸರಕಾರವು ವಿಶೇಷ ಕಾನೂನನ್ನೇ ಮಾಡಿ, ಉಕ್ಕಿನ ಸರಳುಗಳಿಂದ ಬಂಡೆಯನ್ನು ಬಿಗಿಸಿತು. ಹೀಗೆ ತನ್ನ ಬಂಡೆಯನ್ನು ಬಿಡದ ಊರು ತನ್ನ ನಿಧಾನದ ನಡೆಯನ್ನೂ ಬಿಡಲಿಲ್ಲ. ಅವಸರದ ಬಾಳನ್ನು ಒಲ್ಲದ ಪುಟ್ಟ ನಗರಗಳ ಕೂಟವಾದ ಚಿತ್ತಾಸ್ಲೋ 1999ರಲ್ಲಿ ಹುಟ್ಟಿದಾಗ ಅದರ ಸ್ಥಾಪಕ ನಗರಗಳಲ್ಲಿ ಒರ್ವಿಯೆಟೊ ಒಂದಾಗಿತ್ತು. ಕೂಟದ ಲಾಂಛನವು ಬಸವನಹುಳು. ಮನೆಯನ್ನು ಬೆನ್ನಿನಿಂದ ಬೇರ್ಪಡಿಸಲಾರದ ಆ ಪ್ರಾಣಿಯು ಈ ಊರಿಗೆ ಚೆನ್ನಾಗಿಯೇ ಒಪ್ಪುತ್ತದೆ.

ಸಮಯವಿದ್ದವನು ಕೊನೆಗೆ ಬಂಡೆಯ ಬುಡದ ಸುತ್ತ ಇರುವ ಕಾಲುದಾರಿಯಲ್ಲಿ ನಡೆಯಬೇಕು. ಅಲ್ಲಿ, ಉತ್ತರದ ಪಾರ್ಶ್ವದಲ್ಲಿ, ಈ ಬಂಡೆಯ ಮೊದಲ ಒಡೆಯರಾದ ಎಟ್ರುಸ್ಕನರ ಸಮಾಧಿನಗರವಿದೆ. ಅವರ ಊರಿನ ಹೆಸರು ವೆಲ್ಜ್ನಾ. ಕ್ರಿ.ಪೂ. 264ರಲ್ಲಿ ರೋಮನರು ಅದನ್ನು ನಾಶಮಾಡಿ, ಜನರನ್ನು ಬೊಲ್ಸೇನಾದ ಕಡೆಗೆ ಅಟ್ಟಿ, 2,000 ಕಂಚಿನ ವಿಗ್ರಹಗಳನ್ನು ಹೊತ್ತೊಯ್ದರೆಂದು ಪ್ರಾಚೀನ ಗ್ರಂಥಕಾರರು ಹೇಳುತ್ತಾರೆ. ಎಟ್ರುಸ್ಕನರು ಮೇಲೆ ಕಟ್ಟಿದುದರಲ್ಲಿ ದೇವಾಲಯದ ಪಾಯದಂಥ ಅಲ್ಪಸ್ವಲ್ಪ ಅವಶೇಷಗಳ ಹೊರತು ಮತ್ತೇನೂ ಉಳಿದಿಲ್ಲ. ಕೆಳಗೆ ಅಗೆದುದು ಮಾತ್ರ ಉಳಿದಿದೆ. ಕಾಲೂರಿ ಇಳಿಯಲು ಎರಡು ಬದಿಗಳಲ್ಲಿಯೂ ಕುಳಿಗಳನ್ನು ಕೊರೆದ ಅವರ ಇಕ್ಕಟ್ಟಾದ ಬಾವಿಗಳು ಇಂದಿಗೂ ಮನೆಗಳ ನೆಲಮಾಳಿಗೆಗಳಲ್ಲಿ ಬಾಯಿ ತೆರೆದುಕೊಂಡಿವೆ. ಸಮಾಧಿಗಳೂ ಹಾಗೆಯೇ, ನೇರವಾದ ಬೀದಿಗಳ ಎರಡು ಪಕ್ಕಗಳಲ್ಲಿ ಮನೆಗಳಂತೆ ಸಾಲುಗಟ್ಟಿ ನಿಂತಿವೆ, ತೂಫೊ ಕಲ್ಲಿನವೇ. ಒಂದೊಂದರ ಬಾಗಿಲ ತೊಲೆಗಲ್ಲಿನ ಮೇಲೂ, ಬಲದಿಂದ ಎಡಕ್ಕೆ ಓದಬೇಕಾದ ಅಕ್ಷರಗಳಲ್ಲಿ, ನಾನು ಇಂಥವನ ಸೊತ್ತು ಎಂದು ಆ ಕಲ್ಲೇ ಹೇಳಿಕೊಳ್ಳುವಂತೆ, ಒಡೆಯನ ಹೆಸರನ್ನು ಕೆತ್ತಿದ್ದಾರೆ. ಎರಡು ಸಾವಿರದ ಐನೂರು ವರ್ಷಗಳ ಬಳಿಕವೂ ಆ ಮನೆಗಳ ವಿಳಾಸವು ಬದಲಾಗಿಲ್ಲ.