ಒಗೆದರೂ ಹೋಗದ ಕಲೆ

ಬಾಳೆಕಾಯಿ ಹೆಚ್ಚುವಾಗ ಅಂಗಿಗೆ ಕರೆ ತಾಗಿಸಿಕೊಂಡವರಿಗೆ ಮನೆಯಲ್ಲಿ ಎಂಥ ಮಂಗಳಾರತಿ ಕಾದಿರುತ್ತದೆ ಎಂದು ವಿವರಿಸಬೇಕಾಗಿಲ್ಲ. ಸೋಪು ಹಚ್ಚಿ ತಿಕ್ಕಿದರೂ, ಬಿಸಿಲಿಗೆ ಹರವಿದರೂ ಆ ಕಂದು ಕಲೆ ಜಗ್ಗುವುದಿಲ್ಲ. ಅಂಗಿ ಹರಿದು ನೆಲ ಒರೆಸುವ ಬಟ್ಟೆಯಾದರೂ ಕಲೆ ಮಾತ್ರ ಹಾಗೆಯೇ ಇರುತ್ತದೆ. ಅಮ್ಮಂದಿರ ಈ ತಲೆನೋವನ್ನೇ ಬಂಡವಾಳ ಮಾಡಿಕೊಂಡ ಕಲಾವಿದರು ಇದ್ದಾರೆ. ಕನ್ನಡದಲ್ಲಿ 'ಕಲೆ' ಎಂಬ ಒಂದೇ ಪದಕ್ಕೆ ಎರಡು ಅರ್ಥಗಳಿರುವುದು ತಿಳಿದರೆ ಅವರು ಬಹಳ ಖುಷಿಪಟ್ಟಾರು.

ಇಂಡಿಯಾ ಫ್ಲಿಂಟ್ ಅಂಥವರಲ್ಲಿ ಒಬ್ಬರು. ಹೆಸರಿನಲ್ಲಿ ಇಂಡಿಯಾ ಇದ್ದರೂ ಈಕೆ ಆಸ್ಟ್ರೇಲಿಯಾದ ವಸ್ತ್ರ ಕಲಾವಿದೆ. ಮರದಿಂದ ಉದುರಿದ ಎಲೆಗಳು, ಯಾರೋ ಉಟ್ಟು ಬಿಟ್ಟ ಉಣ್ಣೆ ಅಥವಾ ರೇಷ್ಮೆ ಬಟ್ಟೆ, ಒಂದಿಷ್ಟು ದಾರ, ಒಂದು ಪಾತ್ರೆ ಬಿಸಿನೀರು. ಇವರ ಕೆಲಸಕ್ಕೆ ಬೇಕಾದದ್ದು ಇಷ್ಟೆ. ಬಟ್ಟೆಯ ಮೇಲೆ ಎಲೆಗಳನ್ನು ಹರಡಿ, ಸುರುಳಿ ಸುತ್ತಿ, ದಾರದಿಂದ ಬಿಗಿಯಾಗಿ ಕಟ್ಟಿ ಬೇಯಿಸುತ್ತಾರೆ. ಬಿಚ್ಚಿದಾಗ ಎಲೆಯ ಅಚ್ಚು ಬಟ್ಟೆಯ ಮೇಲೆ ಮೂಡಿರುತ್ತದೆ. ಹೀಗೆ ಬಣ್ಣ ತೆಗೆಯುವ ಕ್ರಮವನ್ನು ಅವರು 2008ರಲ್ಲಿ ಪ್ರಕಟವಾದ 'ಎಕೋ ಕಲರ್' ಎಂಬ ಪುಸ್ತಕದಲ್ಲಿ ವಿವರಿಸಿದ್ದಾರೆ.

ಅವರ ಅಚ್ಚುಮೆಚ್ಚಿನ ಎಲೆ ನಮಗೂ ಅಪರಿಚಿತವಲ್ಲ. ಅದು ನೀಲಗಿರಿ. ಆಸ್ಟ್ರೇಲಿಯಾ ಮೂಲದ ಈ ಮರವನ್ನು ಟಿಪ್ಪು ಸುಲ್ತಾನ್ ಸುಮಾರು 1790ರಲ್ಲಿ ನಂದಿಬೆಟ್ಟಕ್ಕೆ ತರಿಸಿದನೆಂದು ಹೇಳುತ್ತಾರೆ. ಕೋಲಾರದ ಕಡೆ ಹೋದವರು ಅದರ ತೋಪುಗಳನ್ನು ನೋಡಿಯೇ ಇರುತ್ತಾರೆ. ಅದೇ ಬೂದು ಹಸಿರಿನ ಎಲೆ, ಉಣ್ಣೆಯ ಜೊತೆ ಬೆಂದಾಗ ಕಿತ್ತಳೆಯಿಂದ ಕೆಂಪಿನವರೆಗೆ ಬಣ್ಣ ಬಿಡುತ್ತದೆ. ಬೇರೆ ಯಾವ ರಾಸಾಯನಿಕವೂ ಬೇಕಿಲ್ಲ.

ಹಾಗಾದರೆ ನಾವೂ ಒಂದು ಹಳೆಯ ಹತ್ತಿ ಪಂಚೆಯನ್ನು ಎಲೆಯ ಜೊತೆ ಬೇಯಿಸಬಹುದೆ? ಬೇಯಿಸಬಹುದು, ಆದರೆ ಅಂಥ ಗಾಢ ಬಣ್ಣ ಬರುವುದಿಲ್ಲ. ಉಣ್ಣೆ ಮತ್ತು ರೇಷ್ಮೆ ಪ್ರಾಣಿಗಳಿಂದ ಬಂದವು, ಅವುಗಳ ಎಳೆಯಲ್ಲಿರುವುದು ಪ್ರೋಟೀನು. ಅದು ಬಣ್ಣವನ್ನು ಸುಲಭವಾಗಿ ಹಿಡಿದುಕೊಳ್ಳುತ್ತದೆ. ಹತ್ತಿ ಹಾಗಲ್ಲ. ಅದಕ್ಕೂ ಬಹುಪಾಲು ಗಿಡದ ಬಣ್ಣಗಳಿಗೂ ನಡುವೆ ಸಂಧಾನ ಮಾಡಿಸಲು ಮೂರನೆಯವರೊಬ್ಬರು ಬೇಕು.

ಆ ಮೂರನೆಯವರನ್ನು ನಮ್ಮ ಬಣ್ಣಗಾರರು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಮೊಹೆಂಜೊದಾರೊದಲ್ಲಿ ಸಿಕ್ಕಿದ ಹತ್ತಿ ಬಟ್ಟೆಯ ಚೂರಿನಲ್ಲಿ ಮಂಜಿಷ್ಠದ ಜಾತಿಯ ಬೇರಿನ ಕೆಂಪು ಬಣ್ಣದ ಗುರುತಿತ್ತು. ಅವರ ವಿದ್ಯೆಯ ಗುಟ್ಟು ನಾಲಗೆಗೇ ತಿಳಿಯುವಂಥದ್ದು: ಒಗರು. ಅಳಲೆಕಾಯಿ, ದಾಳಿಂಬೆ ಸಿಪ್ಪೆ, ಎಳೆ ಅಡಿಕೆ, ಬಾಳೆಕಾಯಿಯ ಕರೆ ಇವೆಲ್ಲದರಲ್ಲೂ ಬಾಯಿಯನ್ನು ಜಡ್ಡುಗಟ್ಟಿಸುವ ಟ್ಯಾನಿನ್ ಎಂಬ ಅಂಶವಿದೆ. ಅದು ಹತ್ತಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಬಟ್ಟೆಯನ್ನು ಪಟಿಕದ ನೀರಿನಲ್ಲಿ ಅದ್ದಿದರೆ ಪಟಿಕದ ಲೋಹಾಂಶ ಆ ಒಗರನ್ನು ಹಿಡಿದುಕೊಳ್ಳುತ್ತದೆ. ಕೊನೆಯಲ್ಲಿ ಬರುವ ಬಣ್ಣ ಈ ಲೋಹವನ್ನು ಹಿಡಿದು ನಿಲ್ಲುತ್ತದೆ. ಪಟಿಕದ ಬದಲು ಕಬ್ಬಿಣ ಬಳಸಿದರೆ ಒಗರು ಕಪ್ಪಾಗುತ್ತದೆ. ಬಾಳೆಕಾಯಿ ಹೆಚ್ಚಿದ ಈಳಿಗೆ ಕಪ್ಪಾಗುವುದೂ ಇದೇ ಕಾರಣಕ್ಕೆ. ಇದಕ್ಕೆಲ್ಲ ಹೊರತಾದದ್ದು ನೀಲಿ. ಅದಕ್ಕೆ ಒಗರೂ ಬೇಡ, ಪಟಿಕವೂ ಬೇಡ. ಹುದುಗಿದ ತೊಟ್ಟಿಯಿಂದ ಹಳದಿ ಮಿಶ್ರಿತ ಹಸಿರಾಗಿ ಹೊರಬರುವ ಬಟ್ಟೆ ಗಾಳಿ ತಾಗಿದ ಕೂಡಲೇ ನೀಲಿಯಾಗುತ್ತದೆ.

ಈ ಲೋಕ ತಲೆಕೆಳಗಾದದ್ದು 1856ರಲ್ಲಿ. ಲಂಡನ್ನಿನ 18 ವರ್ಷದ ವಿಲಿಯಂ ಪರ್ಕಿನ್ ಮಲೇರಿಯಾದ ಔಷಧಿ ತಯಾರಿಸಲು ಹೊರಟು, ಅಕಸ್ಮಾತ್ತಾಗಿ ನೇರಳೆ ಬಣ್ಣ ತಯಾರಿಸಿದ. 1897ರಲ್ಲಿ ಜರ್ಮನಿಯ ಕೃತಕ ನೀಲಿ ಮಾರುಕಟ್ಟೆಗೆ ಬಂದ ಮೇಲೆ ಭಾರತದ ನೀಲಿ ಬೆಳೆ ನೆಲ ಕಚ್ಚಿತು. ಅಗ್ಗದ ಪುಡಿ ಸಿಕ್ಕಮೇಲೆ ಅಳಲೆಕಾಯಿ ಕುಟ್ಟುವವರು ಯಾರು?

ಕುಟ್ಟುವವರು ಪೂರ್ತಿ ಇಲ್ಲವಾಗಲಿಲ್ಲ. ಸಾಗರ ತಾಲೂಕಿನ ಹೆಗ್ಗೋಡಿನ ಬಳಿಯ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರು 1990ರ ದಶಕದಲ್ಲಿ ಕಟ್ಟಿದ 'ಚರಕ' ಮಹಿಳಾ ಸಹಕಾರ ಸಂಘ ಕೈಮಗ್ಗದ ಬಟ್ಟೆಗೆ ಗಿಡಮರಗಳ ಬಣ್ಣವನ್ನೇ ಆರಿಸಿಕೊಂಡಿತು. ಅಡಿಕೆ ಬೇಯಿಸಿ ಉಳಿಯುವ ಚೊಗರು ಮಲೆನಾಡಿನ ಮನೆಗಳಲ್ಲಿ ಹೊಸತೇನಲ್ಲ. ಆ ಚೊಗರೇ ಇಲ್ಲಿ ಕೆಂಗಂದು ಬಣ್ಣವಾಯಿತು.

ಫ್ಲಿಂಟರ ಕಲೆಯಲ್ಲಿ ಎಲೆಯಷ್ಟೇ ಮುಖ್ಯವಾದದ್ದು ಹಳೆಯ ಬಟ್ಟೆ. ಅದರ ವಿಷಯದಲ್ಲಿಯೂ ನಾವು ಯಾರಿಗೂ ಕಡಿಮೆಯಿಲ್ಲ. ಹಳೆಯ ಸೀರೆಗಳನ್ನು ಪದರ ಪದರವಾಗಿ ಇಟ್ಟು ಹೊಲಿದ ಕೌದಿ ಹೊದ್ದು ಮಲಗದ ಬಾಲ್ಯ ಉತ್ತರ ಕರ್ನಾಟಕದಲ್ಲಿ ಅಪರೂಪವಾಗಿತ್ತು. ಉತ್ತರ ಕನ್ನಡದ ಸಿದ್ದಿ ಮಹಿಳೆಯರು ಅಂಚಿನಿಂದ ಆರಂಭಿಸಿ ಸುತ್ತುತ್ತ ಒಳಕ್ಕೆ ಹೊಲಿಯುತ್ತಾರೆ. ಮೂಲೆಗಳಲ್ಲಿ ಮಡಿಸಿದ ಬಟ್ಟೆಯ ಪುಟ್ಟ ಹೂವುಗಳನ್ನು ಇಡದೆ ಅವರ ಕೌದಿ ಮುಗಿಯುವುದಿಲ್ಲ. ಈ ಕೌದಿಗಳು 2011ರಲ್ಲಿ ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು.

ಹತ್ತಿಯ ಹಳೆಯ ಬಟ್ಟೆ ಬಣ್ಣಕ್ಕೂ ಒಳ್ಳೆಯದು. ಹಲವು ಸಲ ಒಗೆದು ಗಂಜಿ, ಮೇಣದ ಅಂಶ ಹೋಗಿರುವುದರಿಂದ ಅದು ನೀರನ್ನೂ ಬಣ್ಣವನ್ನೂ ಚೆನ್ನಾಗಿ ಹೀರುತ್ತದೆ. ಇಲ್ಲಿಯವರೆಗೆ ಎಲ್ಲವೂ ಸರಿ. ತೊಡಕಿರುವುದು ನಮ್ಮ ಬೀರುವಿನಲ್ಲಿ.

1941ರಲ್ಲಿ ಬ್ರಿಟನ್ನಿನ ಇಬ್ಬರು ರಸಾಯನ ವಿಜ್ಞಾನಿಗಳು ಪಾಲಿಯೆಸ್ಟರ್ ಎಳೆ ತೆಗೆದರು. ಇಂದು ಜಗತ್ತಿನಲ್ಲಿ ತಯಾರಾಗುವ ಜವಳಿ ಎಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಅದೇ. ಪೆಟ್ರೋಲಿಯಂನಿಂದ ಹುಟ್ಟಿದ ಈ ಎಳೆ ನೀರನ್ನೇ ಹೀರುವುದಿಲ್ಲ, ಇನ್ನು ಗಿಡದ ಬಣ್ಣವನ್ನು ಎಲ್ಲಿ ಹಿಡಿದೀತು? ಅದಕ್ಕೆ ಬಣ್ಣ ಹಾಕಲು ಕಾರ್ಖಾನೆಯಲ್ಲಿ ಒತ್ತಡ ಹೇರಿ ಸುಮಾರು 130 ಡಿಗ್ರಿ ಸೆಲ್ಸಿಯಸ್ ಶಾಖ ಕೊಡುತ್ತಾರೆ. ಅಡುಗೆಮನೆಯ ಪಾತ್ರೆಯಲ್ಲಿ ಆಗುವ ಕೆಲಸವಲ್ಲ. ಅಜ್ಜಿಯ ಸೀರೆಗೆ ಎರಡನೆಯ ಬಣ್ಣ, ಮೂರನೆಯ ಹೊಲಿಗೆ ಸಾಧ್ಯವಿತ್ತು. ಮೊಮ್ಮಗಳ ಚೂಡಿದಾರಕ್ಕೆ ಬಹಳಷ್ಟು ಸಲ ಆ ಯೋಗವಿಲ್ಲ.

ಗಿಡದ್ದೆಂದ ಮಾತ್ರಕ್ಕೆ ಎಲ್ಲವೂ ನಿರಪಾಯವೆಂದೂ ಅಲ್ಲ. ಬಣ್ಣ ನಿಲ್ಲಿಸಲು ಕ್ರೋಮಿಯಂ ಬಳಸಿದರೆ ಉಳಿದ ನೀರು ವಿಷ. ಬೇಯಿಸಲು ಸೌದೆ ಬೇಕು, ತೊಳೆಯಲು ನೀರು ಬೇಕು. ಆದ್ದರಿಂದ ಯಾವ ಎಲೆ ಎನ್ನುವುದಕ್ಕೆ ಮುಂಚೆ ಯಾವ ಬಟ್ಟೆ ಎಂದು ಕೇಳಿಕೊಳ್ಳುವುದು ಲೇಸು.

ಅದನ್ನು ತಿಳಿಯಲು ಸುಲಭದ ಉಪಾಯವೊಂದಿದೆ. ಹಳೆಯ ಬಟ್ಟೆಯ ಅಂಚಿನಿಂದ ಒಂದೆಳೆ ನೂಲು ಕಿತ್ತು, ಚಿಮಟದಲ್ಲಿ ಹಿಡಿದು ಕಡ್ಡಿ ಗೀರಿ ಸುಡಿ. ಕಾಗದದ ವಾಸನೆ ಬಂದು ಬೂದಿಯಾದರೆ ಹತ್ತಿ. ಸುಟ್ಟ ಕೂದಲಿನ ವಾಸನೆ ಬಂದರೆ ರೇಷ್ಮೆ ಅಥವಾ ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಮೊದಲೆರಡು ಬಗೆಯ ಬಟ್ಟೆಯಾದರೆ ಎಸೆಯಬೇಡಿ, ಅದಕ್ಕೆ ಇನ್ನೂ ಆಯುಷ್ಯವಿದೆ. ಬಾಳೆಕಾಯಿಯ ಕರೆ ತಾಗಿದ್ದರೂ ಚಿಂತೆಯಿಲ್ಲ.